ಬಲಶಾಲಿಯ ಮುಂದೆ ಮುಚ್ಚಿದ ಮುಷ್ಟಿ

೧೬೧೦ನೆಯ ಇಸವಿಯಲ್ಲಿ ಪ್ರಾಗ್ ನಗರದಲ್ಲಿ ವಾಸವಾಗಿದ್ದ ಖಗೋಳಜ್ಞ ಯೋಹಾನೆಸ್ ಕೆಪ್ಲರನಿಗೆ, ಟಸ್ಕನಿಯ ರಾಯಭಾರಿಯ ಮೂಲಕ ಒಂದು ವಿಚಿತ್ರವಾದ ಒಕ್ಕಣೆ ತಲುಪಿತು. ಕಳುಹಿಸಿದವನು ಇಟಲಿಯ ಗೆಲಿಲಿಯೊ. ಒಕ್ಕಣೆಯಲ್ಲಿದ್ದುದು ೩೭ ಲ್ಯಾಟಿನ್ ಅಕ್ಷರಗಳು ಮಾತ್ರ. ಅವನ್ನು ಎಡದಿಂದ ಓದಿದರೂ ಅರ್ಥವಿಲ್ಲ, ಬಲದಿಂದ ಓದಿದರೂ ಅರ್ಥವಿಲ್ಲ. ದೂರದರ್ಶಕದಲ್ಲಿ ತಾನು ಹೊಸದೊಂದನ್ನು ಕಂಡಿರುವುದಾಗಿಯೂ, ಅದರ ವಿವರವು ಈ ಅಕ್ಷರಗಳಲ್ಲಿ ಅಡಗಿರುವುದಾಗಿಯೂ ಗೆಲಿಲಿಯೊ ತಿಳಿಸಿದ್ದನು.

ಆತನ ಕಷ್ಟವು ಅರ್ಥವಾಗದ್ದೇನಲ್ಲ. ಕಂಡುದನ್ನು ಕೂಡಲೇ ಸಾರಿಬಿಟ್ಟರೆ, ಇನ್ನೂ ಪೂರ್ತಿಯಾಗಿ ಪರೀಕ್ಷಿಸದ ಸಂಗತಿಯನ್ನು ಬೇರೊಬ್ಬನು ಎತ್ತಿಕೊಂಡು ಮುಂದುವರಿಸಿಯಾನು. ಸಾರದೆ ಸುಮ್ಮನಿದ್ದರೆ ನಾಳೆ ಇನ್ನಾರಾದರೂ ಕಂಡು, “ಮೊದಲು ಕಂಡವನು ನಾನೇ” ಎಂದಾರು. ಆದುದರಿಂದ ಹೇಳಿಯೂ ಹೇಳದಂತಿರುವ ಉಪಾಯ ಬೇಕಾಗಿದ್ದಿತು.

ಕೆಪ್ಲರನು ಸುಮ್ಮನೆ ಕುಳಿತುಕೊಳ್ಳುವ ಜಾಯಮಾನದವನಲ್ಲ. ಭೂಮಿಗೆ ಚಂದ್ರನೊಬ್ಬ, ಗುರುಗ್ರಹಕ್ಕೆ ಅದೇ ವರ್ಷ ಗೆಲಿಲಿಯೊ ಕಂಡ ನಾಲ್ಕು ಚಂದ್ರರು; ಹಾಗಾದರೆ ನಡುವಿನ ಮಂಗಳಕ್ಕೆ ಇಬ್ಬರಿರಬೇಕಷ್ಟೆ ಎಂಬ ಲೆಕ್ಕಾಚಾರ ಆತನ ತಲೆಯಲ್ಲಿ ಆಗಲೇ ಇದ್ದಿತು. ಅಕ್ಷರಗಳನ್ನು ಕೂಡಿಸಿ ಕಳೆದು ಹೊಂದಿಸಿ, ಮಂಗಳನ ಅವಳಿ ಸಂತಾನಕ್ಕೆ ನಮಸ್ಕಾರ ಹೇಳುವ ಒಂದು ಒರಟು ಲ್ಯಾಟಿನ್ ಪಂಕ್ತಿಯನ್ನು ಕಟ್ಟಿಯೇಬಿಟ್ಟನು. ಒಂದು ಅಕ್ಷರವೂ ಉಳಿಯಲಿಲ್ಲ, ಒಂದೂ ಕೊರೆಬೀಳಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಚಕ್ರವರ್ತಿ ರುಡಾಲ್ಫನ ಕುತೂಹಲಕ್ಕೆ ಮಣಿದು ಗೆಲಿಲಿಯೊ ಗುಟ್ಟನ್ನು ಹೊರಗೆಡಹಿದಾಗ, ಅದರಲ್ಲಿ ಮಂಗಳನ ಸುದ್ದಿಯೇ ಇರಲಿಲ್ಲ! ಅತ್ಯುನ್ನತ ಗ್ರಹವಾದ ಶನಿಯು ಮೂರು ಗೋಲಗಳಾಗಿ ಕಂಡಿತೆಂಬುದೇ ಆ ೩೭ ಅಕ್ಷರಗಳ ಅರ್ಥ.

ವಿಧಿಯ ವಿನೋದವನ್ನು ನೋಡಬೇಕು. ಶನಿಯು ಮೂರು ಗೋಲಗಳಲ್ಲ, ಅದರ ಸುತ್ತ ಇರುವುದು ಬಳೆ ಎಂದು ೧೬೫೯ರಲ್ಲಿ ಹಾಲೆಂಡಿನ ಹೈಗೆನ್ಸ್ ವಿವರಿಸಿದನು. ಮಂಗಳಕ್ಕೆ ಇಬ್ಬರು ಚಂದ್ರರಿರುವುದನ್ನು ೧೮೭೭ರಲ್ಲಿ ಅಮೆರಿಕದ ಏಸಫ್ ಹಾಲ್ ಕಂಡನು. ಗುಟ್ಟನ್ನು ಮುಚ್ಚಿಟ್ಟವನ ಮಾತು ತಪ್ಪಾಯಿತು. ಗುಟ್ಟನ್ನು ತಪ್ಪಾಗಿ ಬಿಡಿಸಿದವನ ಮಾತು ನಿಜವಾಯಿತು. ಆದರೆ ಇಲ್ಲಿ ಗಮನಿಸತಕ್ಕ ಅಂಶ ಬೇರೆಯದು. ಅವೇ ೩೭ ಅಕ್ಷರಗಳ ಪೆಟ್ಟಿಗೆ ಎರಡು ಕೀಲಿಗಳಿಗೆ ತೆರೆದುಕೊಂಡಿತು. ಗೆಲಿಲಿಯೊ ಪ್ರಾಮಾಣಿಕನಾಗಿರದಿದ್ದರೆ, ಮತ್ತು ಆ ಚಳಿಗಾಲದಲ್ಲಿಯೇ ಯಾರಾದರೂ ಮಂಗಳನ ಚಂದ್ರರನ್ನು ಕಂಡಿದ್ದರೆ, “ನಾನು ಬೇಸಗೆಯಲ್ಲಿ ಬರೆದು ಕಳುಹಿಸಿದ್ದೂ ಅದನ್ನೇ” ಎಂದು ಆತನು ಹೇಳಿಬಿಡಬಹುದಾಗಿದ್ದಿತು. ಅಲ್ಲವೆಂದು ಸಾಧಿಸಿ ತೋರಿಸುವವರಾರು?

ಹಳ್ಳಿಯ ಜಗಲಿಯ ಮೇಲೆ ಹುಣಿಸೆಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು “ಸರಿಯೋ ಬೆಸವೋ” ಎಂದು ಕೇಳುವ ಮಕ್ಕಳು ಈ ಸಮಸ್ಯೆಯನ್ನು ಗೆಲಿಲಿಯೊನಿಗಿಂತ ಚೆನ್ನಾಗಿ ಬಿಡಿಸಿರುತ್ತಾರೆ. ಮುಷ್ಟಿ ಮುಚ್ಚಿರುವವರೆಗೆ ಎದುರಾಳಿಗೆ ಒಳಗಿನ ಬೀಜ ಕಾಣದು, ಇದು ಮರೆ. ಒಮ್ಮೆ ಮುಷ್ಟಿ ಮುಂದೆ ಚಾಚಿದ ಮೇಲೆ ಹಿಡಿದವನು ಒಂದು ಬೀಜವನ್ನೂ ಸೇರಿಸಲಾರ, ಬಿಡಲಾರ, ಇದು ಕಟ್ಟು. ಗೂಢಲಿಪಿಶಾಸ್ತ್ರಜ್ಞರು ‘ಕಮಿಟ್‌ಮೆಂಟ್’ ಎಂದು ಕರೆಯುವ ವಿಧಾನಕ್ಕೆ ಈ ಎರಡೇ ಲಕ್ಷಣಗಳು. ಕನ್ನಡದಲ್ಲಿ ಅದನ್ನು ಗೂಢವಚನ ಎನ್ನಬಹುದು. ಮಕ್ಕಳಿಗೆ ಕಣ್ಣೆದುರಿನ ಮುಷ್ಟಿಯುಂಟು. ಮುಖ ಕಾಣದವರ ನಡುವೆ, ತಂತಿಯ ಮೇಲೆ ಅಂಕಿಗಳು ಮಾತ್ರ ಓಡಾಡುವಲ್ಲಿ, ಮುಷ್ಟಿಯನ್ನು ಎಲ್ಲಿಂದ ತರುವುದು?

ಈ ಪ್ರಶ್ನೆಯನ್ನು ಮನೋರಂಜಕವಾಗಿ ಮುಂದಿಟ್ಟವರು ವೆನೆಜುವೇಲದಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಮ್ಯಾನುಯೆಲ್ ಬ್ಲೂಮ್ ಅವರು. ೧೯೮೧ರಲ್ಲಿ ಅವರು ಮಂಡಿಸಿದ ಪ್ರಬಂಧದ ವಿಷಯ, ದೂರವಾಣಿಯಲ್ಲಿ ನಾಣ್ಯ ಚಿಮ್ಮುವುದು. ಆಲಿಸ್ ಮತ್ತು ಬಾಬ್ ಎಂಬ ದಂಪತಿಗಳು ವಿಚ್ಛೇದನ ಹೊಂದಿ ಬೇರೆಬೇರೆ ಊರುಗಳಲ್ಲಿದ್ದಾರೆ. ಮೋಟಾರು ಕಾರು ಯಾರಿಗೆಂಬುದು ಇತ್ಯರ್ಥವಾಗಿಲ್ಲ. ನಾಣ್ಯ ಚಿಮ್ಮಿ ತೀರ್ಮಾನಿಸೋಣವೆಂದರೆ, ಚಿಮ್ಮಿದವರ ಬಾಯಿಮಾತನ್ನು ಇನ್ನೊಬ್ಬರು ನಂಬಬೇಕು. ನಂಬಿಕೆಯಿದ್ದಿದ್ದರೆ ವಿಚ್ಛೇದನದವರೆಗೆ ಹೋಗುತ್ತಿದ್ದರೆ?

ಬ್ಲೂಮ್ ಅವರ ಗಣಿತವನ್ನು ಬದಿಗಿಟ್ಟು ಅದರ ತಿರುಳನ್ನು ದೂರವಾಣಿ ಕೈಪಿಡಿಯ ಸಹಾಯದಿಂದ ತಿಳಿಯಬಹುದು. ಒಂದು ಮಹಾನಗರದ ದಪ್ಪನೆಯ ಕೈಪಿಡಿಯಲ್ಲಿ ಚಂದಾದಾರರ ಹೆಸರುಗಳು ಅಕಾರಾದಿಯಾಗಿವೆ. ಹೆಸರು ಗೊತ್ತಿದ್ದರೆ ಸಂಖ್ಯೆಯನ್ನು ಕ್ಷಣದಲ್ಲಿ ಹುಡುಕಬಹುದು; ಸಂಖ್ಯೆ ಮಾತ್ರ ಗೊತ್ತಿದ್ದರೆ ಹೆಸರಿಗಾಗಿ ಪುಟಪುಟವನ್ನೂ ಜಾಲಾಡಬೇಕು. ಆಲಿಸ್ ಒಂದು ಹೆಸರನ್ನು ಆರಿಸಿ ಅದರ ಸಂಖ್ಯೆಯನ್ನಷ್ಟೇ ಬಾಬನಿಗೆ ಹೇಳುತ್ತಾಳೆ. ಹೆಸರಿನ ಅಕ್ಷರಗಳು ಸರಿಯೋ ಬೆಸವೋ ಎಂದು ಬಾಬ್ ಊಹಿಸುತ್ತಾನೆ. ಬಳಿಕ ಆಲಿಸ್ ಹೆಸರನ್ನು ಹೇಳುತ್ತಾಳೆ. ಬಾಬ್ ಕೈಪಿಡಿ ತೆರೆದು ತಾಳೆ ನೋಡುತ್ತಾನೆ. ಒಂದು ಸಂಖ್ಯೆಗೆ ಒಬ್ಬನೇ ಚಂದಾದಾರನಾದ್ದರಿಂದ ಆಲಿಸ್ ಮಾತು ಬದಲಿಸಲಾರಳು. ಕೈಪಿಡಿಯಾದರೋ ದಪ್ಪವಾಗಿರುವುದರಿಂದ, ಬಾಬ್ ಸಮಯದೊಳಗೆ ಹೆಸರನ್ನು ಹುಡುಕಲಾರ. ನಿಜವಾದ ವಿಧಾನಗಳಲ್ಲಿ ಈ ಕೈಪಿಡಿಯ ಸ್ಥಾನದಲ್ಲಿರುವುದು, ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಾಕಾರದಂಥ, ಮುಂದಕ್ಕೆ ಸುಲಭವಾಗಿ ಹಿಂದಕ್ಕೆ ಬಲುಕಷ್ಟವಾದ ಲೆಕ್ಕ.

ಇಷ್ಟು ಹೊತ್ತು ಆಲಿಸ್ ಮತ್ತು ಬಾಬ್ ಸಮಬಲರೆಂದು ಒಪ್ಪಿಕೊಂಡಂತಾಯಿತು. ಬಾಬನ ಬಳಿ ಸಾವಿರ ಗುಮಾಸ್ತರಿದ್ದರೆ? ಕೈಪಿಡಿಯ ಒಂದೊಂದು ಹಾಳೆಯನ್ನು ಒಬ್ಬೊಬ್ಬನ ಕೈಗಿತ್ತು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೆಸರನ್ನು ತರಿಸಿಕೊಂಡಾನು. ಆಲಿಸಳ ಮುಷ್ಟಿ ಅವನ ಮುಂದೆ ಗಾಜಿನ ಮುಷ್ಟಿಯಾದೀತು.

ಇದಕ್ಕೆ ಪರಿಹಾರವಿಲ್ಲದಿಲ್ಲ. ಸಾವಿರ ಮಂದಿ ವಿದ್ಯಾರ್ಥಿಗಳಿರುವ ನಿಲಯಗಳಿಂದಲೇ ತುಂಬಿದ ಒಂದು ಊರನ್ನು ವಾಚಕರು ಕಲ್ಪಿಸಿಕೊಳ್ಳಲಿ. ನಿಲಯಕ್ಕೆ ಒಂದೇ ದೂರವಾಣಿ. ಕೈಪಿಡಿಯಲ್ಲಿ ಸಾವಿರ ಹೆಸರುಗಳ ಮುಂದೆಯೂ ಒಂದೇ ಸಂಖ್ಯೆ. ಅವರಲ್ಲಿ ಅರ್ಧ ಮಂದಿಯ ಹೆಸರು ಸರಿ, ಅರ್ಧ ಮಂದಿಯದು ಬೆಸ. ಆಲಿಸ್ ಆ ಸಂಖ್ಯೆಯನ್ನು ಹೇಳಿದರೆ ಬಾಬನ ಸಾವಿರ ಗುಮಾಸ್ತರಲ್ಲ, ಕೋಟಿ ಗುಮಾಸ್ತರಿದ್ದರೂ ಪ್ರಯೋಜನವಿಲ್ಲ. ಅವರು ಎಲ್ಲ ಹೆಸರುಗಳನ್ನೂ ತಂದಿಟ್ಟಾರು. ಆಲಿಸ್ ಯಾರನ್ನು ನೆನೆದಿದ್ದಳೆಂಬುದನ್ನು ಮಾತ್ರ ಹೇಳಲಾರರು. ಆದರೆ ಈಗ ಭಯವು ಇನ್ನೊಂದು ಕಡೆಗೆ ಜಾರಿತು. ಗುಮಾಸ್ತರಿರುವುದು ಆಲಿಸಳ ಬಳಿಯಾದರೆ, ಅದೇ ನಿಲಯದ ಇನ್ನೊಂದು ಹೆಸರನ್ನು ಅವರು ಹುಡುಕಿಕೊಟ್ಟಾರು. ಬಾಬ್ “ಸರಿ” ಎಂದರೆ ಬೆಸ ಹೆಸರನ್ನೂ, “ಬೆಸ” ಎಂದರೆ ಸರಿ ಹೆಸರನ್ನೂ ತೆಗೆದು ತೋರಿಸಿ, ಆಕೆ ಕಾರನ್ನು ಸಲೀಸಾಗಿ ಮನೆಗೆ ಕೊಂಡೊಯ್ಯಬಹುದು.

ಎರಡು ಗುಣಗಳೂ ಪರಿಪೂರ್ಣವಾಗಿರುವ ಮೂರನೆಯ ಕೈಪಿಡಿಯೊಂದನ್ನು ಏಕೆ ತಯಾರಿಸಬಾರದು? ಸಾಧ್ಯವಿಲ್ಲವೆಂಬುದಕ್ಕೆ ದೊಡ್ಡ ಗಣಿತವೇನೂ ಬೇಕಿಲ್ಲ. ಹೇಳಿದ ಸಂಖ್ಯೆಗೆ ಸರಿ ಹೆಸರುಗಳೂ ಬೆಸ ಹೆಸರುಗಳೂ ಹೊಂದುವುದಾದರೆ, ಅಪಾರ ಬಲವುಳ್ಳ ಆಲಿಸ್ ಎರಡನ್ನೂ ಹುಡುಕಿ ಮೋಸಮಾಡಬಲ್ಲಳು. ಒಂದು ಬಗೆಯ ಹೆಸರು ಮಾತ್ರ ಹೊಂದುವುದಾದರೆ, ಅಪಾರ ಬಲವುಳ್ಳ ಬಾಬ್ ಅದನ್ನು ಹುಡುಕಿ ಗುಟ್ಟು ತಿಳಿಯಬಲ್ಲನು. ನಡುವೆ ಬೇರೆ ದಾರಿಯೇ ಇಲ್ಲ. ಆದಕಾರಣ ಗೂಢವಚನದ ಬೀಗವನ್ನು ಮಾಡುವವನು ಮೊದಲು ಕೇಳಬೇಕಾದ ಪ್ರಶ್ನೆ ಬೀಗ ಎಷ್ಟು ಗಟ್ಟಿ ಎಂಬುದಲ್ಲ. ಇಬ್ಬರಲ್ಲಿ ಬಲಶಾಲಿ ಯಾರು ಎಂಬುದು.

ಬಲದ ಅಂತರವನ್ನು ಶಾಸ್ತ್ರವು ಮರೆಮಾಚದೆ ಒಪ್ಪಿಕೊಂಡುದು ಸರಿಸುಮಾರು ಈ ಕಾಲದಲ್ಲಿಯೇ. ೧೯೮೫ರಲ್ಲಿ ಹಂಗೆರಿಯ ಲಾಸ್ಲೊ ಬಾಬಾಯ್ ಅವರು ಇಂಗ್ಲೆಂಡಿನ ಪುರಾಣಕಥೆಯ ಆರ್ಥರ್ ಅರಸನನ್ನೂ ಆತನ ಮಾಂತ್ರಿಕ ಮರ್ಲಿನನನ್ನೂ ಗಣಿತದೊಳಕ್ಕೆ ಕರೆತಂದರು. ಮರ್ಲಿನನಿಗೆ ತಿಳಿಯದ ಲೆಕ್ಕವಿಲ್ಲ. ಆರ್ಥರನಿಗೆ ಇರುವುದು ಸಾಮಾನ್ಯ ಬುದ್ಧಿ ಮತ್ತು ಚಿಮ್ಮಲು ಒಂದು ನಾಣ್ಯ. ಮಾಂತ್ರಿಕನು ಸುಳ್ಳು ಹೇಳಿದರೆ ಹಿಡಿಯುವುದು ಹೇಗೆ? ಮರುವರ್ಷವೇ ಗೋಲ್ಡ್‌ರೈಕ್, ಮಿಕಾಲಿ, ವಿಗ್ಡರ್‌ಸನ್ ಎಂಬ ಮೂವರು ಒಂದು ಸೊಗಸಾದ ಪಂದ್ಯವನ್ನು ತೋರಿಸಿದರು. ಒಂದು ನಕ್ಷೆಯ ನೆರೆನಾಡುಗಳಿಗೆ ಒಂದೇ ಬಣ್ಣ ಬಾರದಂತೆ ಮೂರೇ ಬಣ್ಣಗಳನ್ನು ಹಚ್ಚಿರುವುದಾಗಿ ಮಾಂತ್ರಿಕನು ಹೇಳುತ್ತಾನೆ. ಪ್ರತಿ ನಾಡಿನ ಬಣ್ಣವನ್ನೂ ಗೂಢವಚನದಲ್ಲಿ ಮುಚ್ಚಿಡುತ್ತಾನೆ. ಅರಸನು ತನಗೆ ತೋಚಿದ ಎರಡು ನೆರೆನಾಡುಗಳ ಮುಚ್ಚಳವನ್ನು ಮಾತ್ರ ತೆಗೆಸುತ್ತಾನೆ. ಬಣ್ಣಗಳನ್ನು ಅದಲುಬದಲು ಮಾಡಿ ಪಂದ್ಯವನ್ನು ಮತ್ತೆಮತ್ತೆ ಆಡಿದರೆ, ನಕ್ಷೆಯ ಗುಟ್ಟು ತಿಳಿಯದೆಯೇ ಅರಸನಿಗೆ ಮಾತಿನ ಸತ್ಯ ಮನದಟ್ಟಾಗುತ್ತದೆ. ಆದರೆ ಮುಚ್ಚಳದ ಕೆಳಗಿನ ಬಣ್ಣವನ್ನು ತೆಗೆಯುವ ಗಳಿಗೆಯಲ್ಲಿ ಬದಲಿಸಬಲ್ಲ ಮಾಂತ್ರಿಕನಾದರೆ ಪಂದ್ಯವೆಲ್ಲ ಬೂಟಾಟಿಕೆ. ಇಲ್ಲಿ ಬೇಕಾದುದು ಸರ್ವಶಕ್ತನನ್ನು ಕಟ್ಟಿಹಾಕುವ ಕಟ್ಟು.

ಅಂಥದೊಂದನ್ನು, ಹೆಚ್ಚಿನ ಸಲಕರಣೆಯಿಲ್ಲದೆ, ೧೯೮೯ರಲ್ಲಿ ತೋರಿಸಿಕೊಟ್ಟವರು ಬ್ಲೂಮ್ ಅವರ ಶಿಷ್ಯರೇ ಆದ ಇಸ್ರೇಲಿನ ಮೋನಿ ನಾವೋರ್. ಇಡೀ ವಿಷಯದಲ್ಲಿ ಇದಕ್ಕಿಂತ ರಮ್ಯವಾದ ಯುಕ್ತಿ ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ಆದುದರಿಂದ ಸ್ವಲ್ಪ ನಿಧಾನಿಸಿ ನೋಡಬೇಕು.

ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ, ಹತ್ತು ಸ್ಥಾನಗಳ ಒಂದು ಗುಟ್ಟಿನ ಸಂಖ್ಯೆಯನ್ನು ಮರ್ಲಿನನು ಆರಿಸಿಕೊಳ್ಳುತ್ತಾನೆ. ಅದಕ್ಕೆ ಬೀಜವೆಂದು ಹೆಸರು. ಎಲ್ಲರಿಗೂ ಗೊತ್ತಿರುವ ಒಂದು ನಿಯಮದಂತೆ ಆ ಬೀಜದಿಂದ ೩೦ ಸ್ಥಾನಗಳ ಒಂದು ಬಳ್ಳಿ ಬೆಳೆಯುತ್ತದೆ. ಬಳ್ಳಿಯ ಅಂಕಿಗಳು ನಾಣ್ಯ ಚಿಮ್ಮಿ ಬರೆದಂತೆ ಅಡ್ಡಾದಿಡ್ಡಿಯಾಗಿ ಕಾಣುತ್ತವೆ; ಸಾಮಾನ್ಯ ಬಲದವನಿಗೆ ವ್ಯತ್ಯಾಸ ತಿಳಿಯದು. ಈಗ ಯುಕ್ತಿ ಇರುವುದು ಇಲ್ಲಿ: ಮೊದಲು ಮಾತನಾಡುವವನು ಮರ್ಲಿನನಲ್ಲ, ಆರ್ಥರ್. ಆತನು ೩೦ ಸಲ ನಾಣ್ಯ ಚಿಮ್ಮಿ, ಬಂದ ಅಂಕಿಗಳ ಪಟ್ಟಿಯನ್ನು ಮಾಂತ್ರಿಕನಿಗೆ ಕೊಡುತ್ತಾನೆ. ಮಾಂತ್ರಿಕನ ಮನಸ್ಸಿನಲ್ಲಿರುವುದು ‘ಸರಿ’ಯಾದರೆ ಬಳ್ಳಿಯನ್ನು ಇದ್ದಂತೆಯೇ ಕಳುಹಿಸಬೇಕು. ‘ಬೆಸ’ವಾದರೆ, ಅರಸನ ಪಟ್ಟಿಯಲ್ಲಿ ಒಂದು ಇರುವೆಡೆಯಲ್ಲೆಲ್ಲ ಬಳ್ಳಿಯ ಅಂಕಿಯನ್ನು ತಿರುವಿ ಕಳುಹಿಸಬೇಕು. ಕೊನೆಯಲ್ಲಿ ಬೀಜವನ್ನು ಹೊರಗಿಟ್ಟರೆ, ಅರಸನು ತಾನೇ ಬಳ್ಳಿಯನ್ನು ಬೆಳೆಸಿ ತಾಳೆ ನೋಡುತ್ತಾನೆ.

ಮರ್ಲಿನನು ಮೋಸಮಾಡಬೇಕಾದರೆ ಅವನಿಗೆ ಎರಡು ಬೀಜಗಳು ಬೇಕು. ಅವುಗಳ ಬಳ್ಳಿಗಳು ಅರಸನ ಪಟ್ಟಿಯಲ್ಲಿ ಒಂದು ಇರುವೆಡೆಗಳಲ್ಲಿ ಮಾತ್ರ ಬೇರೆಯಾಗಿದ್ದು, ಮಿಕ್ಕೆಡೆ ಒಂದೇ ಆಗಿರಬೇಕು. ಇರುವ ಬೀಜಗಳೆಲ್ಲ ಕೂಡಿ ೧,೦೨೪. ಅವುಗಳಿಂದ ಮಾಡಬಹುದಾದ ಜೋಡಿಗಳು ಸುಮಾರು ಹತ್ತೂವರೆ ಲಕ್ಷ. ಒಂದು ಜೋಡಿ ಒಂದೇ ಒಂದು ಪಟ್ಟಿಗೆ ಹೊಂದುತ್ತದೆ. ಅರಸನು ಕೊಡಬಹುದಾಗಿದ್ದ ಪಟ್ಟಿಗಳಾದರೋ ೧೦೭ ಕೋಟಿಗೂ ಮಿಗಿಲು! ಮೋಸಕ್ಕೆ ಅನುಕೂಲವಾದ ಪಟ್ಟಿ ಬರುವ ಸಂಭವ ಸಾವಿರಕ್ಕೆ ಒಂದರಷ್ಟು. ಬೀಜವು ನೂರು ಸ್ಥಾನಗಳದಾದರೆ ಆ ಸಂಭವವು, ೩೧ ಅಂಕಿಗಳ ಒಂದು ಸಂಖ್ಯೆಗೆ ಒಂದರಂತೆ ಕುಗ್ಗುತ್ತದೆ. ಹತ್ತು ಸ್ಥಾನಗಳೆಂದುದು ಲೆಕ್ಕದ ಸೌಲಭ್ಯಕ್ಕಾಗಿ. ಅಷ್ಟು ಚಿಕ್ಕ ಬೀಜವನ್ನು ಶಾಲೆಯ ಹುಡುಗನೂ ಒಂದೊಂದಾಗಿ ಪರೀಕ್ಷಿಸಿ ಹಿಡಿದಾನು.

ಮಾಂತ್ರಿಕನಿಗೆ ಹುಡುಕಲು ಶಕ್ತಿ ಸಾಲದೆಂಬ ಮಾತೇ ಇಲ್ಲಿ ಬರಲಿಲ್ಲವೆಂಬುದನ್ನು ಗಮನಿಸಬೇಕು. ಎರಡನೆಯ ಬೀಜವು ಕಷ್ಟದಿಂದ ಸಿಗುವುದಲ್ಲ. ಅದು ಇರುವುದೇ ಇಲ್ಲ. ಇಲ್ಲದುದನ್ನು ಸರ್ವಶಕ್ತನೂ ಹುಡುಕಲಾರ. ಬಲಹೀನನಾದ ಅರಸನು ಮಾಡಿದ್ದೆಂದರೆ ಮೊದಲು ೩೦ ಸಲ ನಾಣ್ಯ ಚಿಮ್ಮಿದ್ದಷ್ಟೆ.

ಸ್ಥಾನಗಳು ಅದಲುಬದಲಾದರೆ, ಎಂದರೆ ಮುಚ್ಚಿಡುವವನು ದುರ್ಬಲನೂ ನೋಡುವವನು ಪ್ರಬಲನೂ ಆದರೆ, ಈ ಬೀಗವು ಕೆಲಸಕ್ಕೆ ಬಾರದು. ಆಗ ಬೇಕಾದುದು ವಿದ್ಯಾರ್ಥಿನಿಲಯದ ದೂರವಾಣಿ. ಅದನ್ನು ಗಣಿತದ ಭಾಷೆಯಲ್ಲಿ ೧೯೮೮ರಲ್ಲಿ ಬ್ರಸಾರ್, ಚೌಮ್, ಕ್ರೆಪೊ ಎಂಬ ಮೂವರು ವಿವರಿಸಿದರು. ೧೯೯೧ರಲ್ಲಿ ಡೆನ್ಮಾರ್ಕಿನ ಟೋರ್ಬೆನ್ ಪೆಡರ್‌ಸನ್ ತೋರಿಸಿದ ರೂಪವು ಚಿಕ್ಕದೂ ಚೊಕ್ಕವೂ ಆಗಿ ಹೆಚ್ಚು ಬಳಕೆಗೆ ಬಂದಿತು.

ಎದುರಿಗಿರುವವನ ಬಲವನ್ನು ಅಳೆದು ಬೀಗವನ್ನು ಆರಿಸಬಹುದೆಂದಾಯಿತು. ಆದರೆ ಇನ್ನೂ ಹುಟ್ಟದಿರುವ ಎದುರಾಳಿಯ ಬಲವನ್ನು ಅಳೆಯುವವರಾರು? ೧೯೭೭ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್‌ನರ್ ತಮ್ಮ ಗಣಿತವಿನೋದದ ಅಂಕಣದಲ್ಲಿ, ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬವರು ರಚಿಸಿದ ಒಂದು ಗೂಢಸಂದೇಶವನ್ನು ಅಚ್ಚು ಹಾಕಿದರು. ಅದನ್ನು ಬಿಡಿಸಲು ೧೨೯ ಅಂಕಿಗಳ ಒಂದು ಸಂಖ್ಯೆಯನ್ನು ಒಡೆದು ಅದರ ಎರಡು ಅವಿಭಾಜ್ಯ ಅಪವರ್ತನಗಳನ್ನು ಕಾಣಬೇಕಾಗಿದ್ದಿತು. ಬಹುಮಾನ ನೂರು ಡಾಲರು. ಅದಕ್ಕೆ ೪೦ ಸಾವಿರ ಲಕ್ಷ ಕೋಟಿಗೂ ಮೀರಿದ ವರ್ಷಗಳು, ಎಂದರೆ ವಿಶ್ವದ ಆಯುಸ್ಸಿಗಿಂತ ಎಷ್ಟೋ ಪಾಲು ಹೆಚ್ಚಿನ ಕಾಲ, ಹಿಡಿದೀತೆಂದು ಅಂದಾಜು ಹೇಳಲಾಗಿದ್ದಿತು. ಹಿಡಿದುದು ೧೭ ವರ್ಷ. ೧೯೯೪ರ ಏಪ್ರಿಲಿನಲ್ಲಿ ಸುಮಾರು ೬೦೦ ಮಂದಿ ಸ್ವಯಂಸೇವಕರು ತಮ್ಮ ಗಣಕಯಂತ್ರಗಳನ್ನು ಜೊತೆಗೂಡಿಸಿ ಎಂಟು ತಿಂಗಳ ಶ್ರಮದಿಂದ ಸಂಖ್ಯೆಯನ್ನು ಒಡೆದರು. ಒಳಗಿದ್ದುದು ಮೂಳೆ ನುಂಗುವ ಒಂದು ಜಾತಿಯ ರಣಹದ್ದಿನ ಹೆಸರನ್ನೊಳಗೊಂಡ ಅಸಂಬದ್ಧ ವಾಕ್ಯ! ಅದೇ ವರ್ಷ ಪೀಟರ್ ಶೋರ್, ಕ್ವಾಂಟಮ್ ಯಂತ್ರವೊಂದು ಸಾಕಷ್ಟು ದೊಡ್ಡದಾಗಿ ನಿರ್ಮಾಣವಾದರೆ ಇಂಥ ಸಂಖ್ಯೆಗಳನ್ನು ಸುಲಭವಾಗಿ ಒಡೆದೀತೆಂದು ತೋರಿಸಿದರು.

ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಮರೆಗೂ ಕಟ್ಟಿಗೂ ಇರುವ ಅಂತರ ಎದ್ದು ಕಾಣುತ್ತದೆ. ಕಟ್ಟು ಗಟ್ಟಿಯಾಗಿರಬೇಕಾದುದು ಮುಷ್ಟಿ ಬಿಚ್ಚುವವರೆಗೆ ಮಾತ್ರ. ಬಿಚ್ಚಿ ಲೆಕ್ಕ ಮುಗಿದ ಮೇಲೆ, ಐವತ್ತು ವರ್ಷಗಳ ಬಳಿಕ ಯಾರೋ ಎರಡನೆಯ ಕೀಲಿಯನ್ನು ಕಂಡುಹಿಡಿದರೆ ನಷ್ಟವಿಲ್ಲ. ಮರೆಯ ಹಣೆಬರಹ ಹಾಗಲ್ಲ. ಮುಚ್ಚಿದ ಮಾತಿನ ಪ್ರತಿಯನ್ನು ಒಬ್ಬನು ಭದ್ರವಾಗಿಟ್ಟುಕೊಂಡು ತನ್ನ ಯಂತ್ರ ಬಲಿಯುವವರೆಗೆ ಕಾದಿರಬಹುದು.

ಗಣಕಯಂತ್ರದ ಮೂಲಕ ನಡೆಯುವ ಮತದಾನವನ್ನು ತೆಗೆದುಕೊಂಡರೆ ಈ ಮಾತಿನ ತೂಕ ತಿಳಿಯುತ್ತದೆ. ಎಣಿಕೆಯನ್ನು ಯಾರು ಬೇಕಾದರೂ ಪರೀಕ್ಷಿಸುವಂತಿರಲೆಂದು, ಪ್ರತಿಯೊಬ್ಬನ ಮತವನ್ನೂ ಗೂಢವಚನದ ರೂಪದಲ್ಲಿ ಬಹಿರಂಗ ಫಲಕದ ಮೇಲೆ ಹಾಕುವ ವಿಧಾನಗಳುಂಟು. ಮತ ಹಾಕಿದ ಕೂಲಿಕಾರನ ಬಳಿ ಇರುವುದು ಒಂದು ಪುಟ್ಟ ಯಂತ್ರ. ಫಲಕವನ್ನು ನಕಲು ಮಾಡಿಕೊಳ್ಳುವುದು ಮುಂದೊಮ್ಮೆ ಬರಬಹುದಾದ ಒಂದು ದಬ್ಬಾಳಿಕೆಯ ಸರ್ಕಾರವಾದರೆ, ಅದರ ಬಳಿ ಏನೇನು ಯಂತ್ರಗಳಿದ್ದಾವೆಂದು ಹೇಳಬಲ್ಲವರಿಲ್ಲ. ಯೌವನದಲ್ಲಿ ಹಾಕಿದ ಮತಕ್ಕೆ ಮುಪ್ಪಿನಲ್ಲಿ ದಂಡ ತೆರಬೇಕಾದೀತು. ಆದುದರಿಂದಲೇ ೧೯೯೬ರಲ್ಲಿ ನಾಲ್ವರು ಶಾಸ್ತ್ರಜ್ಞರು ರೂಪಿಸಿದ ಒಂದು ಮತದಾನ ವಿಧಾನದಲ್ಲಿ ಪೆಡರ್‌ಸನ್ ಅವರ ಬಗೆಯ ಬೀಗವನ್ನೇ ಆರಿಸಿಕೊಂಡರು. ಎಣಿಕೆಯ ದಿನ ಮೋಸ ನಡೆಯದೆಂಬುದಕ್ಕೆ ಅಂದಿನ ಯಂತ್ರಗಳ ಮಿತಿಯೇ ಆಧಾರ. ಮತದ ಗುಟ್ಟಿಗೆ ಮಾತ್ರ ಯಾವ ಯಂತ್ರದ ಮಿತಿಯೂ ಆಧಾರವಲ್ಲ; ಆ ಸಂಖ್ಯೆಯಲ್ಲಿ ಗುಟ್ಟಿನ ಸುಳಿವೇ ಇರುವುದಿಲ್ಲ.

ಎರಡು ಕಡೆಯೂ ಪರಿಪೂರ್ಣವಾದ ಮುಷ್ಟಿಯ ಆಸೆಯನ್ನು ವಿಜ್ಞಾನಿಗಳು ಅಷ್ಟು ಬೇಗ ಬಿಡಲಿಲ್ಲ. ಗಣಿತ ಕೊಡದ ವರವನ್ನು ಭೌತಶಾಸ್ತ್ರ ಕೊಟ್ಟೀತೆಂದು, ಬೆಳಕಿನ ಕಣಗಳನ್ನು ಬಳಸುವ ಒಂದು ವಿಧಾನವು ೧೯೯೩ರಲ್ಲಿ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಅದು ಬಿದ್ದುಹೋಯಿತು. ಕ್ವಾಂಟಮ್ ನಿಯಮಗಳಿಂದ ಮಾತ್ರವೇ ಅಂಥ ಮುಷ್ಟಿಯನ್ನು ಮಾಡುವುದು ಅಸಾಧ್ಯವೆಂದು ೧೯೯೭ರಲ್ಲಿ ಒಂದು ಕಡೆ ಮೇಯರ್ಸ್, ಇನ್ನೊಂದು ಕಡೆ ಲೋ ಮತ್ತು ಚಾವ್ ಸಾಧಿಸಿ ಪ್ರಕಟಿಸಿದರು.

ಉಳಿದುದು ಒಂದು ಹಳೆಯ ಪೊಲೀಸ್ ಉಪಾಯ. ಇಬ್ಬರು ಕಳ್ಳರನ್ನು ಬೇರೆಬೇರೆ ಕೋಣೆಗಳಲ್ಲಿ ಕೂಡಿಹಾಕಿ ಪ್ರಶ್ನಿಸಿದರೆ ಅವರ ಸುಳ್ಳುಗಳು ತಾಳೆಯಾಗವು. ಮುಚ್ಚಿಡುವ ಮಾಂತ್ರಿಕರು ಇಬ್ಬರಾಗಿದ್ದು ಪರಸ್ಪರ ಮಾತನಾಡಲಾಗದಿದ್ದರೆ, ಅವರ ಬಲ ಎಷ್ಟೇ ಇರಲಿ, ಕಟ್ಟಿಹಾಕಬಹುದೆಂದು ೧೯೮೮ರಲ್ಲಿಯೇ ತಿಳಿದಿದ್ದಿತು. ಅವರು ಮಾತನಾಡದಂತೆ ತಡೆಯುವ ಗೋಡೆ ಯಾವುದು? ಬೆಳಕಿಗಿಂತ ವೇಗವಾಗಿ ಯಾವ ಸುದ್ದಿಯೂ ಹೋಗಲಾರದೆಂಬ ನಿಯಮವನ್ನೇ ಗೋಡೆ ಮಾಡಬಹುದೆಂದು ೧೯೯೯ರಲ್ಲಿ ಕೇಂಬ್ರಿಜ್ಜಿನ ಏಡ್ರಿಯನ್ ಕೆಂಟ್ ಸೂಚಿಸಿದರು. ೨೦೧೩ರಲ್ಲಿ ಜಿನೀವಕ್ಕೂ ಸಿಂಗಪುರಕ್ಕೂ ನಡುವೆ ಪ್ರಯೋಗ ನಡೆಯಿತು. ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ತಲುಪುವ ಮುನ್ನ, ಸೆಕೆಂಡಿನ ಸಾವಿರದ ೧೫ ಭಾಗಗಳಷ್ಟು ಕಾಲ ಮುಷ್ಟಿ ಮುಚ್ಚಿದ್ದಿತು. ಪ್ರಶ್ನೋತ್ತರಗಳ ಸರಪಳಿಯನ್ನು ಎಡೆಬಿಡದೆ ನಡೆಸುತ್ತ ಹೋಗುವ ಇನ್ನೊಂದು ವಿಧಾನದಿಂದ, ೨೦೧೬ರಲ್ಲಿ ಜಿನೀವದ ತಂಡವು ಏಳು ಕಿಲೋಮೀಟರು ಅಂತರದ ಎರಡು ಠಾಣೆಗಳ ನಡುವೆ ಆ ಮುಷ್ಟಿಯನ್ನು ೨೪ ಗಂಟೆಗಳ ಕಾಲ ಹಿಡಿದು ತೋರಿಸಿತು.